ಲೆಕ್ಕಕ್ಕೆ ಬಾರದ ಮೀನು: ಕರ್ನೂಲು–ಕಡಪ ಕಾಲುವೆಯಲ್ಲಿ ಗಾಳ, ಬಲೆ ಮತ್ತು ಭಾಷೆ

ಕರ್ನೂಲು–ಕಡಪ ಕಾಲುವೆಯ ಚರಿತ್ರೆ ಬರೆದವರು ಬಹುಮಟ್ಟಿಗೆ ಮೂರು ಲೆಕ್ಕಗಳನ್ನು ಹಿಡಿದು ಹೊರಟಿದ್ದಾರೆ: ಹರಿದ ನೀರು, ನೆನೆದ ಎಕರೆ, ಮುಳುಗಿದ ಹಣ. ಸರ್ ಆರ್ಥರ್ ಕಾಟನ್ನರ ನೀರಾವರಿ ಮತ್ತು ಜಲಸಾರಿಗೆಯ ಕಲ್ಪನೆಗೆ ರೂಪ ಕೊಡಲು ಹೊರಟ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿಗೆ ಹತ್ತು ಲಕ್ಷ ಪೌಂಡ್ ಬಂಡವಾಳದ ಮೇಲೆ ಶೇ. 5ರ ಬಡ್ಡಿಯ ಸರ್ಕಾರಿ ಖಾತರಿಯಿತ್ತು. 1863ರಿಂದ 1870ರ ಅವಧಿಯಲ್ಲಿ ತೋಡಿದ ಕಾಲುವೆ ಲಾಭ ತರಲಿಲ್ಲ. 1882ರಲ್ಲಿ ಸರ್ಕಾರವೇ ಅದನ್ನು ಕೊಂಡಿತು. 1933ರಲ್ಲಿ ದೋಣಿಗಳ ಓಡಾಟ ನಿಂತಿತು. ಕಂಪನಿಯ ಯೋಜನೆಯಲ್ಲಿ ಎಲ್ಲಿಯೂ ಇರದಿದ್ದ ಒಂದು ಉತ್ಪನ್ನ ಮಾತ್ರ ನೀರಿನೊಡನೆ ಬರುತ್ತಲೇ ಇತ್ತು. ಅದು ಮೀನು.

ಅದು ಬರುವ ಬಗೆ ಸರಳ. ಕರ್ನೂಲಿಗೆ ಸುಮಾರು 17 ಮೈಲಿ ಮೇಲೆ, ಸುಂಕೇಸುಲದ ಅಣೆಕಟ್ಟಿನಲ್ಲಿ ತುಂಗಭದ್ರೆಯ ಹೊಸನೀರು ಕಾಲುವೆಗೆ ತಿರುಗುವಾಗ ಮರಿಗಳೂ ದೊಡ್ಡ ಮೀನುಗಳೂ ತೂಬಿನೊಳಗೆ ನುಗ್ಗುತ್ತವೆ. ಕಾಲುವೆ ಹಿಂದ್ರಿ ಹೊಳೆಯನ್ನು ಮೇಲ್ಗಾಲುವೆಯ ಮೂಲಕ ದಾಟಿ, ಊರಿನ ಹಿತ್ತಿಲು, ಗೋಡೆ, ಚರಂಡಿಗಳ ನಡುವೆ ಸಾಗುತ್ತದೆ. ತೂಬು ಮುಚ್ಚಿದಾಗ ಮೀನು ನದಿಗೆ ಮರಳಲಾರದು. ಅಲ್ಲಲ್ಲಿ ನಿಂತ ಮಡುಗಳಲ್ಲಿ ಸಿಕ್ಕಿಬೀಳುತ್ತದೆ. ಗೆಂಡೆಯ ಜಾತಿಗಳು ಬಿಸಿಯಾದ ಕೊಳಕು ನೀರಿನಲ್ಲಿ ಬೇಗ ಸಾಯುತ್ತವೆ. ಕೊರವ ಸಾಯದು: ಕಿವಿರಿನ ಮೇಲಿನ ವಿಶೇಷ ಅಂಗದ ನೆರವಿನಿಂದ ಅದು ಗಾಳಿಯನ್ನೇ ಉಸಿರಾಡುತ್ತದೆ, ಕೆಸರಿನಲ್ಲಿ ದಿನ ದೂಡುತ್ತದೆ. ಊರಂಚಿನ ಕಾಲುವೆ ಕೊರವನ ಕಾಲುವೆಯಾದದ್ದು ಹೀಗೆ. ಅದು ಬೇಟೆಗಾರನ ಆಯ್ಕೆಯಲ್ಲ, ತೂಬಿನ ಆಯ್ಕೆ.

ಅಣೆಕಟ್ಟುಗಳೂ ನೀರಾವರಿ ಕಾಲುವೆಗಳೂ ಮೀನಿನ ಸಂತತಿಗೆ ಮಾಡುವ ಹಾನಿಯನ್ನು ಫ್ರಾನ್ಸಿಸ್ ಡೇ 1873ರ ತಮ್ಮ ಸಿಹಿನೀರು ಮೀನುಗಾರಿಕೆಯ ವರದಿಯಲ್ಲಿ ಚರ್ಚಿಸಿದ್ದರು. 1897ರ ಭಾರತೀಯ ಮೀನುಗಾರಿಕಾ ಕಾಯ್ದೆ ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿತು. ಬಲೆಯ ಕಣ್ಣಿನ ಅಳತೆಯನ್ನು ನಿಯಮದಿಂದ ಗೊತ್ತುಪಡಿಸುವ ಅಧಿಕಾರವನ್ನು ಪ್ರಾಂತ್ಯಗಳಿಗೆ ಕೊಟ್ಟಿತು. ತೂಬಿನ ಬಾಗಿಲು ಅದರ ಹಿಡಿತಕ್ಕೆ ಬರಲಿಲ್ಲ. ಬಡವನ ಬಲೆಯನ್ನು ಅಳೆಯುವುದು ಎಂಜಿನಿಯರನ ಅಣೆಕಟ್ಟನ್ನು ಪ್ರಶ್ನಿಸುವುದಕ್ಕಿಂತ ಯಾವ ಕಾಲದಲ್ಲೂ ಸುಲಭವೇ.

ಗಡಿನಾಡಿನ ಕನ್ನಡದ ದೃಷ್ಟಿಯಿಂದ ಡೇ ಅವರ ಇನ್ನೊಂದು ಗ್ರಂಥ ಹೆಚ್ಚು ಮುಖ್ಯ. 1875–78ರಲ್ಲಿ ಪ್ರಕಟವಾದ ‘ದ ಫಿಷಸ್ ಆಫ್ ಇಂಡಿಯಾ’ದಲ್ಲಿ ಮೀನುಗಳ ದೇಶಭಾಷೆಯ ಹೆಸರುಗಳನ್ನು ಕೂಡಿಸಿ, ಕನ್ನಡದವುಗಳಿಗೆ ‘ಕ್ಯಾನ್.’ ಎಂಬ ಗುರುತು ಹಾಕಲಾಗಿದೆ. ಕೊರವ, ಮುರ್ಲು ಎಂಬ ಪದಗಳು ಕೂಡಿದ ಹೆಸರುಗಳು ಅಲ್ಲಿ ಸಿಗುತ್ತವೆ. ಮುರ್ಲು ಮರಾಠಿಯ ‘ಮರಳ್’ಗೂ ಆಂಗ್ಲೋ-ಇಂಡಿಯನ್ ‘ಮರೆಲ್’ಗೂ ನೆಂಟ, ಕೊರವ ತೆಲುಗಿನ ‘ಕೊರ್ರಮೀನು’ವಿನ ಮಗ್ಗುಲಿಗೆ ಬರುತ್ತದೆ. ಕನ್ನಡದ ಬಲೆ ತೆಲುಗಿಗೆ ‘ವಲ’, ಗಾಳ ‘ಗಾಲಮು’, ಎರೆ ‘ಎರ’, ಕಾಲುವೆ ‘ಕಾಲುವ’. ಕಾಲುವೆಯ ದಂಡೆಯಲ್ಲಿ ಬೇಕಾಗುವ ಶಬ್ದಕೋಶದ ಬಹುಪಾಲು ಹೀಗೆ ಎರಡೂ ಭಾಷೆಗಳ ಆಸ್ತಿ.

ಇಂಥ ಪಟ್ಟಿಗಳನ್ನು ಗಡಿವಿವಾದದ ಸಾಕ್ಷಿಗಳನ್ನಾಗಿ ನಿಲ್ಲಿಸುವ ಆಸೆ ಸಹಜ. ಆದರೆ ಅವು ಆ ಭಾರ ಹೊರಲಾರವು. ‘ಕ್ಯಾನ್.’ ಎಂಬ ಗುರುತು ದಕ್ಷಿಣ ಕನ್ನಡದ ಹೊಳೆಗೂ ತುಂಗಭದ್ರೆಯ ಮಡುವಿಗೂ ಒಂದೇ. ಹೆಸರನ್ನು ಯಾವ ದಡದಲ್ಲಿ, ಯಾರ ಬಾಯಿಂದ ಕೇಳಿದ್ದೆಂಬುದನ್ನು ಅದು ಹೇಳುವುದಿಲ್ಲ. ಅದು ಭಾಷೆಯ ದಾಖಲೆ, ನೆಲದ ಪಹಣಿಯಲ್ಲ.

ಜನರ ಸುಳಿವಿಗೆ ಬೇರೆ ಕಡೆ ನೋಡಬೇಕು. ಡಬ್ಲ್ಯೂ. ಫ್ರಾನ್ಸಿಸ್ 1904ರ ಬಳ್ಳಾರಿ ಗೆಜೆಟಿಯರಿನಲ್ಲಿ ಕಬ್ಬೇರರನ್ನು ಕನ್ನಡದ ಮೀನುಗಾರ ಹಾಗೂ ಬೇಸಾಯಗಾರ ಜಾತಿಯೆಂದು ಗುರುತಿಸಿ, ಗೌರಿಮಕ್ಕಳು, ಗಂಗಿಮಕ್ಕಳು ಎಂಬ ಎರಡು ಒಳಪಂಗಡಗಳನ್ನು ಹೇಳುತ್ತಾರೆ. ಪರಸ್ಪರ ಊಟವುಂಟು, ಮದುವೆಯಿಲ್ಲ. ಗಂಗಿಮಕ್ಕಳು ತುಂಗಭದ್ರೆಯ ದಂಡೆಯ ಹಳ್ಳಿಗಳಲ್ಲಿ ಹೆಚ್ಚು. ಆ ದಂಡೆಯಲ್ಲಿ ಆಗ ಬಳ್ಳಾರಿ ಜಿಲ್ಲೆಯ ಆದೋನಿ ತಾಲೂಕೂ ಇತ್ತು, ಮಂತ್ರಾಲಯವೆಂದು ಪ್ರಸಿದ್ಧವಾದ ಮಂಚಾಲೆಯೂ ಅದರೊಳಗೇ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಮೊದಲೆರಡು ಕರ್ನೂಲು ಜಿಲ್ಲೆಗೆ, ಅಂದರೆ ಕಾಲುವೆಯ ಜಿಲ್ಲೆಗೇ ಬಂದವು.

ಆದರೂ ಗೆಜೆಟಿಯರಿನ ಕಣ್ಣು ನದಿಯನ್ನೂ ಜಾತಿಯನ್ನೂ ಕಂಡಿತೇ ಹೊರತು ಕಾಲುವೆಯನ್ನೂ ಗಾಳವನ್ನೂ ಕಾಣಲಿಲ್ಲ. ಬಲೆಗೆ ಕಸುಬಿನ ಹೆಸರಿದೆ, ಕುಲದೈವವಿದೆ. ಒಂದು ಕೋಲು, ಒಂದು ದಾರ, ಹಿಡಿ ಎರೆಹುಳು ಇದ್ದರೆ ಗಾಳ ಯಾರದೂ ಆಗಬಲ್ಲದು: ಕೂಲಿಯವನದು, ಶಾಲೆ ತಪ್ಪಿಸಿದ ಹುಡುಗನದು. ಕೆರೆಯ ಮೀನನ್ನು ಗುತ್ತಿಗೆಗೆ ಕೊಡುತ್ತಾರೆ, ಸಂಘ ಹಿಡಿಯುತ್ತದೆ, ಕಾಗದ ಉಳಿಯುತ್ತದೆ. ಸಂಜೆಯ ಸಾರಿಗೆ ಹಿಡಿದ ಕೊರವನಿಗೆ ರಸೀದಿ ಎಲ್ಲಿಯದು? ನಗರದ ಬಡವರ ಆಹಾರದ ಚರಿತ್ರೆಯಲ್ಲಿ ಈ ಖಾಲಿ ಪುಟ ಸಣ್ಣದಲ್ಲ.

ಈಗ ಇಂಥ ನೀರುಗಳಲ್ಲಿ ಕೊರವನಿಗೆ ಎದುರಾಳಿಯಿದೆ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾ ಮೂಲದ ತಿಲಾಪಿಯ ಕೊಳಕು ನೀರಿಗೂ ಒಗ್ಗಿ, ದಕ್ಷಿಣದ ಕೆರೆ-ಕಾಲುವೆಗಳಲ್ಲಿ ಹಬ್ಬಿತು. ಡೇ ಅವರ ಪಟ್ಟಿಯಲ್ಲಿ ಅದಕ್ಕೆ ಹೆಸರಿಲ್ಲ. ಕನ್ನಡವೂ ತಮಿಳೂ ಅದನ್ನು ಮಿಠಾಯಿಯ ಹೆಸರಿನಿಂದ ‘ಜಿಲೇಬಿ’ ಎಂದೇ ಕರೆಯುತ್ತವೆ. ಆ ಪದ ತಮ್ಮದೆಂದು ಯಾವ ಭಾಷೆಯವರೂ ವಾದಿಸಿಲ್ಲ.