ಕುಂಭೋಜಗಿರಿಯ ಕಾಲುದಾರಿ

ನಕ್ಷೆಯ ಮೇಲೆ ಮೊದಲು ಗೆರೆಯೆಳೆದು, ಅನಂತರ ಊರಂಚಿನ ಬಡಾವಣೆಗಳ ನಡುವೆ ವಿಹಾರಪಥವನ್ನು ರಚಿಸುವುದು ಈ ಕಾಲದ ಕ್ರಮ. ಕೊಲ್ಲಾಪುರದ ಬಳಿಯ ಹಾತಕಣಂಗಲೆಯ ಸೀಮೆಯಲ್ಲಾದರೋ ಕಾಲುಗಳೇ ಮೊದಲು ನಡೆದುವು, ಗೆರೆ ತಾನಾಗಿ ಮೂಡಿತು.

1891ರಲ್ಲಿ ಮೀರಜ–ಕೊಲ್ಲಾಪುರ ಉಗಿಬಂಡಿ ಓಡತೊಡಗಿದ ಮೇಲೆ, ಅಲ್ಲಿಯ ನಿಲ್ದಾಣದಲ್ಲಿಳಿದ ಜೈನ ಯಾತ್ರಿಕರಿಗೆ ಬುತ್ತಿಗಂಟನ್ನು ಹೆಗಲಿಗೇರಿಸಿ, ಹೊಲದ ಬದುಗಳನ್ನು ಹಿಡಿದು, ಕುಂಭೋಜಗಿರಿಯತ್ತ, ಎಂದರೆ ಬಾಹುಬಲಿ ಬೆಟ್ಟದತ್ತ, ಸಾಗುವುದು ಸುಲಭವಾಯಿತು. ಬೆಟ್ಟದ ಬುಡದಲ್ಲಿ ಜೈನ ಮುನಿ ಸಮಂತಭದ್ರ ಮಹಾರಾಜರು ಬ್ರಹ್ಮಚರ್ಯಾಶ್ರಮವನ್ನು ಸ್ಥಾಪಿಸಿದರು. 1963ರಲ್ಲಿ ಬಾಹುಬಲಿಯ 28 ಅಡಿಯ ಅಮೃತಶಿಲೆಯ ಮೂರ್ತಿ ನಿಂತಿತು.

ಯಾತ್ರಿಕರು ಸವೆಸಿದ ಆ ಕಾಲುದಾರಿಗೆ ಈಗ ಡಾಂಬರು ಬಿದ್ದಿದೆ. ಆದರೂ ಮೆಟ್ಟಿಲುಗಳ ಬುಡಕ್ಕೆ ಬಂದವರು ಇಂದಿಗೂ ಕೆರವನ್ನು ಕಳಚಿ, ಕಾದ ಕಲ್ಲಿನ ಮೇಲೆ ತುದಿಗಾಲಿನಿಂದ, ನೆರಳನ್ನರಸುತ್ತ ಏರುತ್ತಾರೆ.