ತೆರೆದಿಟ್ಟ ಬಾಗಿಲು

ನನ್ನ ತಮ್ಮನ ಮೂತ್ರಪಿಂಡಗಳು ಸೋತಾಗ, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅವನ ಕತ್ತಿನ ದೊಡ್ಡ ರಕ್ತನಾಳದೊಳಕ್ಕೆ ಕ್ಯಾಥೆಟರ್ ಎಂಬ ಮೃದುವಾದ ನಳಿಕೆಯನ್ನು ಇಳಿಸಿದರು. ಒಳತುದಿ ಹೃದಯದ ಹೊಸ್ತಿಲಲ್ಲಿ, ಹೊರತುದಿ ಎದೆಯ ಮೇಲೆ ಅಂಗಿಯ ಮರೆಯಲ್ಲಿ. ವಾರಕ್ಕೆ ಮೂರಾವರ್ತಿ ಡಯಾಲಿಸಿಸ್. ಹಳಗನ್ನಡದ ಪಾಠ ಹೇಳಿ ನಿವೃತ್ತನಾದ ನಾನು ಹೊರಗಿನ ಬೆಂಚಿನ ಮೇಲೆ ಕಾಯುತ್ತ ಕುಳಿತಾಗ, ಈ ನಳಿಕೆಯ ಚರಿತ್ರೆಯನ್ನು ಅರಿಯುವ ಹಂಬಲ ಹುಟ್ಟಿತು.

ಅದರ ಮೊದಲ ಅಧ್ಯಾಯ ಕಥೆಯಂತೆಯೇ ಇದೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ, ಹಿರಿಯರು ಬೇಡವೆಂದರೂ ಕೇಳದೆ, ಮೂತ್ರನಾಳಕ್ಕೆ ಬಳಸುವ ನಳಿಕೆಯನ್ನು ತನ್ನ ತೋಳಿನ ರಕ್ತನಾಳದಲ್ಲಿ ತೂರಿಸಿಕೊಂಡ. ಪ್ರಯೋಗ ತನ್ನ ಮೇಲೆಯೇ ಎಂದು ನಂಬಿ ಮೇಜಿನ ಮೇಲೆ ಮಲಗಿದ್ದ ದಾದಿಗೆ ಮೋಸ ಹೋದದ್ದು ತಿಳಿದದ್ದು ಆಮೇಲೆ. ನಳಿಕೆಯೊಡನೆಯೇ ನಡೆದು ಹೋಗಿ, ಅದು ಹೃದಯ ಮುಟ್ಟಿದ್ದನ್ನು ಕ್ಷಕಿರಣದಲ್ಲಿ ಕಂಡ. ಮೆಚ್ಚುಗೆಗೆ ಬದಲು ಬೈಗುಳ ಬಂತು. ನೊಬೆಲ್ ಪಾರಿತೋಷಕ ಬಂದದ್ದು 1956ರಲ್ಲಿ.

ಹೊಗುವುದು ಸಾಧ್ಯವಾಯಿತು, ಉಳಿಯುವುದು ಹೇಗೆ? ಅಮೆರಿಕದ ಸಿಯಾಟಲ್ ನಗರದ ವೈದ್ಯರು ಅದಕ್ಕೆ ದಾರಿ ಕಂಡರು. 1973ರಲ್ಲಿ ಬ್ರೋವಿಯಾಕ್, 1979ರಲ್ಲಿ ಹಿಕ್‌ಮನ್ ತಮ್ಮ ಸಿಲಿಕೋನ್ ನಳಿಕೆಗಳನ್ನು ಚರ್ಮದ ಕೆಳಗೆ ಸುರಂಗದಂತೆ ಸಾಗಿಸಿದರು. ಅದಕ್ಕೆ ಸುತ್ತಿದ ಡ್ಯಾಕ್ರಾನ್ ಪಟ್ಟಿಯೊಳಕ್ಕೆ ಮಾಂಸ ಬೆಳೆದು, ಹೊರಗಿನ ಕ್ರಿಮಿಗೆ ತಡೆಯಾಯಿತು. ಆದರೆ ನಳಿಕೆಯ ಬಾಯಿಯನ್ನು ಪ್ರತಿಸಲವೂ ತೆರೆಯಲೇಬೇಕಷ್ಟೆ. ಹೊಕ್ಕ ಕ್ರಿಮಿಗಳು ಒಳಗೋಡೆಗೆ, ಕಲ್ಯಾಣಿಯ ಮೆಟ್ಟಿಲಿಗೆ ಪಾಚಿ ಹಿಡಿದಂತೆ, ಲೋಳೆಯ ಪದರವಾಗಿ ಅಂಟಿಕೊಳ್ಳುತ್ತವೆ. ಔಷಧಿ ಮೇಲೆ ಹರಿದರೂ ಅಡಿಯಲ್ಲಿದ್ದವು ಬದುಕುತ್ತವೆ. ಅನೇಕ ವೇಳೆ ಅವು ರೋಗಿಯ ಚರ್ಮದ ಮೇಲೆ ಸದಾ ಇರುವ ಕ್ರಿಮಿಗಳೇ.

ಇಲ್ಲಿ ನನಗೆ ನನ್ನ ತಾಯಿಯ ಮಡಿ ನೆನಪಾಗುತ್ತದೆ. ಒದ್ದೆ ಸೀರೆಯುಟ್ಟು, ಯಾರನ್ನೂ ಮುಟ್ಟಿಸಿಕೊಳ್ಳದೆ ಅಡಿಗೆ ಮಾಡುತ್ತಿದ್ದರು. ನಮ್ಮ ಮಡಿ ಮನುಷ್ಯನ ಜಾತಿಯನ್ನು ನೋಡಿತು, ಕೈಯನ್ನು ನೋಡಲಿಲ್ಲ. ಕೈಯನ್ನು ನೋಡಿದವನು 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿದ್ದ ಸೆಮ್ಮೆಲ್‌ವೈಸ್. ಅವನ ಮಾತನ್ನು ಹೆಚ್ಚಿನ ವೈದ್ಯರು ಒಪ್ಪಲಿಲ್ಲ. ಅಮೆರಿಕದ ಮಿಷಿಗನ್ ಪ್ರಾಂತದ ನೂರಕ್ಕೂ ಹೆಚ್ಚು ತೀವ್ರನಿಗಾ ಘಟಕಗಳಲ್ಲಿ ಕೈತೊಳೆಯುವುದೇ ಮೊದಲಾದ ಐದು ನಿಯಮಗಳನ್ನು ಪಾಲಿಸಿದ ಫಲ 2006ರಲ್ಲಿ ಪ್ರಕಟವಾಯಿತು: ಹದಿನೆಂಟು ತಿಂಗಳಲ್ಲಿ ನಳಿಕೆಯ ಸೋಂಕು ಮೂರನೆಯ ಎರಡು ಪಾಲಿನಷ್ಟು ಇಳಿದಿತ್ತು. ನಿಯಮ ತಪ್ಪಿದ ವೈದ್ಯರನ್ನು ತಡೆಯುವ ಅಧಿಕಾರ ದಾದಿಯರಿಗೆ ದೊರೆತಿತ್ತು. ಇದೇ ದೊಡ್ಡ ಕ್ರಾಂತಿ ಎಂದು ನನ್ನ ಎಣಿಕೆ.

ಆದರೆ ತಿಂಗಳುಗಟ್ಟಲೆ ಮನೆಯಲ್ಲಿ ನಳಿಕೆ ಹೊತ್ತವನಿಗೆ ಕಾವಲು ಯಾರು? ನಾವೇ, ಮನೆಯವರು. ನಾನು ತಪ್ಪಿದೆ. ಒಂದು ಸಂಜೆ ಡಯಾಲಿಸಿಸ್ ನಡೆಯುತ್ತಿದ್ದಂತೆ ತಮ್ಮನಿಗೆ ನಡುಕ ಬಂತು. ಯಾರಿಗೂ ಹೇಳದೆ ಮನೆಗೆ ಬಂದ. ಮಾರ್ಗಶಿರದ ಚಳಿಯೆಂದು ನಾನು ಕಂಬಳಿ ಹೊದಿಸಿ, ಮೆಣಸಿನ ಕಷಾಯ ಕೊಟ್ಟು ಮಲಗಿಸಿದೆ. ಬೆಳಗಾಗುವಾಗ ಅವನಿಗೆ ನನ್ನ ಗುರುತೇ ಸಿಗಲಿಲ್ಲ. ರಕ್ತದಲ್ಲಿ ಕ್ರಿಮಿ ಸೇರಿತ್ತು. ನಳಿಕೆ ಹೊಂದಿದವರಿಗೆ ಚಳಿಜ್ವರ ಬಂದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ನಾನು ಕಲಿತದ್ದು ಹೀಗೆ.

ನಳಿಕೆಯನ್ನು ತೆಗೆದು ಔಷಧಿ ಕೊಟ್ಟರು, ಬದುಕಿದ. ಕೆಲಕಾಲ ಬೇರೊಂದು ನಳಿಕೆಯಿತ್ತು. ಅಷ್ಟರಲ್ಲಿ ಅವನ ಮುಂಗೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಕೂಡಿಸಿದ್ದರು. 1966ರಲ್ಲಿ ನ್ಯೂಯಾರ್ಕಿನ ವೈದ್ಯರು ಪ್ರಕಟಿಸಿದ ವಿಧಾನ ಅದು. ಮೈಯೊಳಗೆ ಪರಕೀಯ ವಸ್ತುವಿಲ್ಲದ ಕಾರಣ ಅಲ್ಲಿ ಸೋಂಕಿನ ಭಯ ಬಹಳ ಕಡಿಮೆ. ಅದು ಬಲಿಯಲು ವಾರಗಳು ಹಿಡಿದವು. ಕೊನೆಗೆ ಎದೆಯ ಗಾಯ ಮಾಗಿದ ದಿನ, ತಿಂಗಳುಗಟ್ಟಲೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡಿದ್ದ ತಮ್ಮ ಬಚ್ಚಲ ಒಲೆಯ ಮುಂದೆ ನಿಂತು, ಹಂಡೆಯ ತುಂಬ ನೀರು ಕಾಯಿಸಲು ಹೇಳಿದ.