ಬಿ.ಎ. ತರಗತಿಗೆ ಬಂದ ಹಕ್ಕಿನ ಪಾಠ

1948ರ ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸೇರಿತ್ತು. ಅದರ ಮುಂದಿದ್ದದ್ದು ಭಾರತದ ವಿರುದ್ಧ ಹೈದರಾಬಾದ್ ಸಂಸ್ಥಾನದ ತಕರಾರು. ಮರುದಿನವೇ ಸಂಸ್ಥಾನದ ದೊರೆ ನಿಜಾಮ ಭಾರತದ ಸೇನೆಗೆ ಸೋಲೊಪ್ಪಿದ. ಅಲ್ಲಿಂದ ಮೂರು ತಿಂಗಳೊಳಗೆ, ಡಿಸೆಂಬರ್ 10ರಂದು, ಅದೇ ಊರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಆಗ ಆ ಸಂಸ್ಥಾನದಲ್ಲಿದ್ದ, ಈಗ ಕಲಬುರಗಿ (ಹಿಂದಿನ ಗುಲಬರ್ಗಾ) ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಪದವಿ ಕಾಲೇಜುಗಳಲ್ಲಿ ಬಿ.ಎ. ಓದುವವರು ಡಿಸೆಂಬರ್ 10ನ್ನು ಬಾಯಿಪಾಠ ಮಾಡಿರುತ್ತಾರೆ. ಅವರ ಅಜ್ಜಂದಿರ ಬದುಕನ್ನೇ ಬದಲಿಸಿದ ಸೆಪ್ಟೆಂಬರ್ 17 ಬೇರೊಂದು ಪತ್ರಿಕೆಯಲ್ಲಿ, ಪ್ರಾದೇಶಿಕ ಇತಿಹಾಸದ ಪಾಠವಾಗಿ ಬರುತ್ತದೆ. ಈ ಎರಡು ತಾರೀಖುಗಳನ್ನು ಒಂದೇ ತರಗತಿಯಲ್ಲಿ ಕೂಡಿಸಿ ಓದಿದಾಗಲೇ ಈ ಸೀಮೆಯ ಮಕ್ಕಳಿಗೆ ಮಾನವ ಹಕ್ಕೆಂಬ ವಿಷಯ ತಮ್ಮದಾಗುತ್ತದೆ.

ನಿಜಾಮರ ಕಾಲದಲ್ಲಿ ರಾಜ್ಯದ ನೆಲದ ಸುಮಾರು ಐದರಲ್ಲಿ ಎರಡು ಪಾಲು ಸರಕಾರದ ನೇರ ಆಡಳಿತಕ್ಕೆ ಸೇರಿರಲಿಲ್ಲ. ಅದರಲ್ಲಿ ಒಂದಿಷ್ಟು ನಿಜಾಮನ ಖಾಸಗಿ ಜಮೀನು, ಉಳಿದದ್ದು ಅವನು ಸರದಾರರಿಗೆ ಬಿಟ್ಟುಕೊಟ್ಟ ಜಾಗೀರು, ಪಾಯಗಾ. ಆಳಂದ, ಅಫಜಲಪುರದ ಕಡೆ ಹಳ್ಳಿ ಹಳ್ಳಿಗಳೇ ಇಂಥ ಜಾಗೀರುಗಳಲ್ಲಿದ್ದವು. ಈಗಿನ ಜೇವರ್ಗಿ ಸೀಮೆಗೆ ಆಗ ಅಂದೋಲ ತಾಲ್ಲೂಕೆಂಬ ಹೆಸರು. ದೊಡ್ಡ ಪಾಯಗಾಗಳಿಗೆ ತಮ್ಮದೇ ಪೊಲೀಸು, ತಮ್ಮದೇ ನ್ಯಾಯಾಲಯ. ಕಂದಾಯ ವಸೂಲಿ ಮಾಡುವವನ ಮೇಲೆ ದೂರು ಕೊಡಬೇಕಾದರೆ ಅವನ ಧಣಿಯ ಕಚೇರಿಗೇ ಹೋಗಬೇಕಿತ್ತು. ಬಿಟ್ಟಿ ಬೇಗಾರಿ ನಡೆದೇ ಇತ್ತು. ಸಾಲಕ್ಕೆ ದುಡಿಯುವ ಭಗೇಲಾ ಪದ್ಧತಿಗೆ ಕಡಿವಾಣ ಹಾಕಲು 1936ರಲ್ಲಿ ಹೈದರಾಬಾದ್ ಸರಕಾರವೇ ಒಂದು ಕಾನೂನು ತಂದಿತು. ಆದರೆ ಓದು ಬಾರದ ಆಳುಮಗನಿಗೆ ಉರ್ದುವಿನಲ್ಲಿ ಬರೆದ ಆ ಕಾನೂನು ಮುಟ್ಟುವುದಾದರೂ ಹೇಗೆ?

ಬಾಯಿಬಿಟ್ಟು ಕೇಳುವುದಕ್ಕೂ ತಡೆಯಿತ್ತು. ಗಸ್ತಿ ನಿಶಾನ್ 53 ಎಂಬ ಸುತ್ತೋಲೆ ಅಪ್ಪಣೆಯಿಲ್ಲದೆ ಸಾರ್ವಜನಿಕ ಸಭೆ ಸೇರುವುದನ್ನು ನಿಷೇಧಿಸಿತ್ತು. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿಗೃಹದಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅವರಲ್ಲಿ ಎಷ್ಟೋ ಜನ ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಅದೇ ಹೊತ್ತಿಗೆ ಆರ್ಯಸಮಾಜ ಸೋಲಾಪುರವನ್ನು ನೆಲೆ ಮಾಡಿಕೊಂಡು ಸತ್ಯಾಗ್ರಹ ಹೂಡಿತು. ಗಡಿಯ ಆಚೆ ಸೋಲಾಪುರ, ಈಚೆ ಆಳಂದ, ಮುಂದೆ ಗುಲಬರ್ಗಾ ಜೈಲು. ಧರ್ಮಾಚರಣೆ, ಸಭೆ, ಮಾತು, ಇವಕ್ಕಾಗಿ ಜನ ಜೈಲಿಗೆ ಹೋದದ್ದು ಘೋಷಣೆಯ ಕರಡು ಹುಟ್ಟುವುದಕ್ಕೂ ಮೊದಲು.

ಆಮೇಲೆ 1948 ಬಂತು. ನಿಜಾಮನ ಆಳ್ವಿಕೆಯ ಪರ ನಿಂತ ಸಶಸ್ತ್ರ ರಜಾಕಾರರ ಹಾವಳಿಯ ಕಥೆಗಳು ಈ ಭಾಗದ ಮನೆಮನೆಯಲ್ಲಿವೆ: ಸುಟ್ಟ ಊರು, ರಾತ್ರೋರಾತ್ರಿ ಗಡಿ ದಾಟಿದ ಸಂಸಾರ, ಗಡಿಯಾಚೆಯ ಶಿಬಿರಗಳು. ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ನಡೆಸಿದ ‘ಪೊಲೀಸ್ ಕಾರ್ಯಾಚರಣೆ’ಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯ ಕಥೆಗಳೂ ಇವೆ. ಅವನ್ನು ದನಿ ತಗ್ಗಿಸಿ ಹೇಳುತ್ತಾರೆ. ಭಾರತ ಸರಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಆ ದಿನಗಳಲ್ಲಿ ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು. ಆ ವರದಿ ದಶಕಗಟ್ಟಲೆ ಜನರ ಕಣ್ಣಿಗೆ ಬೀಳಲಿಲ್ಲ. ಎರಡೂ ನೋವುಗಳನ್ನು ಒಂದೇ ಬೆಂಚಿನ ಮೇಲೆ ಕೂತ ಇಬ್ಬರು ಮಕ್ಕಳು ಒಟ್ಟಿಗೆ ಓದುವಂತಾಗಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಹಕ್ಕಿನ ಪಾಠವಲ್ಲ.

1949ರಲ್ಲಿ ಜಾಗೀರುಗಳು ರದ್ದಾದವು. ಆ ವರ್ಷದ ನವೆಂಬರ್ 23ರ ಫರ್ಮಾನಿನಲ್ಲಿ ನಿಜಾಮ ಭಾರತದ ಸಂವಿಧಾನವನ್ನು ಒಪ್ಪಿಕೊಂಡ. 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಗುಲಬರ್ಗಾದ ಜನ ಆರಿಸಿದ್ದು ಹೈದರಾಬಾದ್ ಹೋರಾಟದ ಮುಂದಾಳು, ಹಿಂದೆ ಶಾಲಾ ಮಾಸ್ತರರಾಗಿದ್ದ ಸ್ವಾಮಿ ರಮಾನಂದ ತೀರ್ಥರನ್ನು.

ಮತ ಬಂದಷ್ಟು ಬೇಗ ಕಾಲೇಜು ಬರಲಿಲ್ಲ. ಪದವಿ ಪಡೆಯಲು ಮೊದಮೊದಲು ಉಸ್ಮಾನಿಯಾದ ಕಡೆ, 1956ರ ಏಕೀಕರಣದ ನಂತರ ಧಾರವಾಡದ ಕಡೆ ಮುಖ ಮಾಡಬೇಕಿತ್ತು. ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ. ಆಳಂದ ತಾಲ್ಲೂಕಿನ ಕಡಗಂಚಿಯ ಬಯಲಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂದದ್ದು 2009ರ ನಂತರ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಸೇರಿವೆ. ಇಂಥ ಕಡೆ ಮನೆಯಿಂದ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಹತ್ತಿರವಿದ್ದದ್ದು ಬಿ.ಎ.: ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡ.

ಮಾನವ ಹಕ್ಕು ಈ ತರಗತಿಗೆ ಬಂದ ದಾರಿ ಉದ್ದವಾದದ್ದು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 1985ರಲ್ಲೇ ಎಲ್ಲ ಹಂತಗಳಲ್ಲೂ ಇದನ್ನು ಕಲಿಸುವ ನೀಲನಕ್ಷೆ ತಯಾರಿಸಿತ್ತು. 1993ರಲ್ಲಿ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಬಂತು. 1995ರಿಂದ 2004ರವರೆಗಿನ ಅವಧಿಯನ್ನು ವಿಶ್ವಸಂಸ್ಥೆ ಮಾನವ ಹಕ್ಕು ಶಿಕ್ಷಣದ ದಶಕವೆಂದು ಸಾರಿತು. ಮುಂದೆ ಸಂವಿಧಾನ, ಪರಿಸರ, ಮಾನವ ಹಕ್ಕು ಪದವಿಯ ಕಡ್ಡಾಯ ಓದಿನ ಸಾಲಿಗೆ ಸೇರಿದವು. ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗದ ಸ್ಥಾಪನೆಗೆ ಸರಕಾರ ಆದೇಶ ಹೊರಡಿಸಿದ್ದು 2005ರ ಜೂನ್‌ನಲ್ಲಿ. ಆಗ ಮುಖ್ಯಮಂತ್ರಿಯಾಗಿದ್ದವರು ಜೇವರ್ಗಿ ತಾಲ್ಲೂಕಿನ ನೆಲೋಗಿಯ ಎನ್. ಧರ್ಮಸಿಂಗ್. ಆಯೋಗ ಕೆಲಸ ಶುರು ಮಾಡಿದ್ದು 2007ರಲ್ಲಿ. ಜೇವರ್ಗಿಯ ತರಗತಿಯಲ್ಲಿ ಈ ಸಂಗತಿಯನ್ನು ಹೇಳಿದರೆ ಆಯೋಗ ಬೆಂಗಳೂರಿನ ಯಾವುದೋ ಕಚೇರಿಯಾಗಿ ಉಳಿಯುವುದಿಲ್ಲ.

ಕಡ್ಡಾಯ ಪತ್ರಿಕೆಗೆ ಒಂದು ಶಾಪವಿದೆ. ಮುಖ್ಯ ವಿಷಯಗಳ ಓದು ಮುಗಿದ ಮೇಲೆ, ಪರೀಕ್ಷೆಯ ಹಿಂದಿನ ರಾತ್ರಿ ಗೈಡು ತಿರುವಿ ಪಾಸಾಗುವ ಪತ್ರಿಕೆ ಅದು. 1215ರ ಮ್ಯಾಗ್ನಾ ಕಾರ್ಟಾ, 1789ರ ಫ್ರೆಂಚ್ ಘೋಷಣೆ, ಆಯೋಗದ ರಚನೆ, ಅಧಿಕಾರ, ಕಾರ್ಯಗಳು. ಇವು ಬೇಕು. 1948ರ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯಲ್ಲಿ ಗಂಡಸರು ಎಂಬರ್ಥದ ಪದವಿದ್ದ ಕಡೆ ಎಲ್ಲ ಮಾನವರು ಎಂದಾಗಲು ಭಾರತದ ಹಂಸಾ ಮೆಹತಾ ಕಾರಣರೆಂಬುದನ್ನೂ ತಿಳಿಸಬೇಕು. ಆದರೆ ಪಾಠ ಅಲ್ಲಿಗೇ ನಿಂತರೆ ಸಾಲದು. ಜೀತ ನಿರ್ಮೂಲನೆಯ 1976ರ ಕಾಯ್ದೆಯನ್ನು ಓದುವಾಗ ಭಗೇಲಾ ಕರಾರು ನೆನಪಾಗಬೇಕು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ಕರ್ನಾಟಕದ 1982ರ ಕಾನೂನನ್ನು ಓದುವಾಗ, ಆ ಪದ್ಧತಿಯ ಹೊರೆ ಹೊತ್ತ ತಾಯಂದಿರು ಇದೇ ಜಿಲ್ಲೆಯಲ್ಲಿದ್ದಾರೆ ಎಂಬುದನ್ನು ಮರೆಯಬಾರದು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾದೀತೆಂದು ನಂಬಿ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಮಗುವಿನ ಹಕ್ಕು, ಹೆತ್ತವರ ಹತಾಶೆ, ಊರಿಗೆ ಮುಟ್ಟದ ವೈದ್ಯಕೀಯ ಮೂರೂ ಆ ಒಂದು ಘಟನೆಯಲ್ಲಿವೆ. ಒಂದಿಡೀ ವಾರ ಚರ್ಚಿಸುವಷ್ಟು ಸರಕು.

ಭೀಮೆಯ ದಂಡೆಯ ಹಳ್ಳಿಗಳಿಗೆ ಇನ್ನೂ ಒಂದು ಪಾಠವಿದೆ. 2020ರ ಅಕ್ಟೋಬರ್‌ನಲ್ಲಿ ನದಿ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಗೆ ನೀರು ನುಗ್ಗಿತು. ತೊಗರಿ ಹೊಲ ಹೋಯಿತು, ಜನ ಕಾಳಜಿ ಕೇಂದ್ರ ಸೇರಿದರು. ಪರಿಹಾರದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ಯಾರನ್ನು, ಯಾವ ಅರ್ಜಿಯಲ್ಲಿ ಕೇಳಬೇಕು ಎಂಬುದು ಮಾನವ ಹಕ್ಕಿನ ಪ್ರಶ್ನೆಯೇ. ಗುಳೆ ಹೋದ ಅಪ್ಪ ಅವ್ವಂದಿರ ಮಕ್ಕಳಿಗೆ ಕಲಿಯುವ ಹಕ್ಕು ಎಲ್ಲಿ ಸಿಗಬೇಕೆಂಬುದೂ ಹೌದು.

371ಜೆ ವಿಧಿಯನ್ನಂತೂ ಈ ವಿದ್ಯಾರ್ಥಿಗಳು ಬಲ್ಲರು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಡಿ, ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ ಮೀಸಲು. ಸರ್ಟಿಫಿಕೇಟಿಗಾಗಿ ಕಚೇರಿಗೆ ಅಲೆದವರಿಗೆ ಅದರ ಬೆಲೆ ಗೊತ್ತು. ಅದಕ್ಕಾಗಿ ದಶಕಗಳ ಕಾಲ ಹೋರಾಡಿದ ವೈಜನಾಥ ಪಾಟೀಲರಂಥವರ ಹೆಸರೂ ಗೊತ್ತಿರಬೇಕು.

ತೀರ ಈಚಿನ ಪಾಠ ಆಳಂದದ್ದು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಈ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಲು ನಮೂನೆ 7ರಲ್ಲಿ ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ತಮ್ಮ ಬಂಧುವಿನ ಹೆಸರು ತೆಗೆಯಲು ಅರ್ಜಿ ಬಂದದ್ದನ್ನು ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರು ಕಂಡರು. ಅಲ್ಲಿಂದ ಸಂಶಯ ಶುರುವಾಯಿತು. ಮನೆಮನೆಗೆ ಹೋಗಿ ನೋಡಿದಾಗ ಸರಿಯಾದವು 24 ಮಾತ್ರ. ಉಳಿದ 5,994 ಹೆಸರುಗಳು ಪಟ್ಟಿಯಲ್ಲೇ ಉಳಿದವು. ಆ ಫೆಬ್ರುವರಿಯಲ್ಲಿ ಪ್ರಕರಣ ದಾಖಲಾಯಿತು, ತನಿಖೆ ಸಿಐಡಿಗೆ ಹೋಯಿತು, 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರಕಾರ ವಿಶೇಷ ತನಿಖಾ ತಂಡ ರಚಿಸಿತು. ಬಿ.ಎ. ಮೊದಲ ವರ್ಷಕ್ಕೆ ಸೇರುವವರು ಹದಿನೆಂಟರ ಆಸುಪಾಸಿನವರು, ಹೆಸರು ಸೇರಿಸಲು ನಮೂನೆ 6 ತುಂಬುವ ವಯಸ್ಸಿನವರು. ಆ ನಮೂನೆಯನ್ನೂ ನಮೂನೆ 7ನ್ನೂ ತರಗತಿಯಲ್ಲೇ ಬಿಚ್ಚಿಟ್ಟು ಓದಿಸುವುದಕ್ಕೆ ಪಠ್ಯಕ್ರಮ ಬದಲಾಗುವ ತನಕ ಕಾಯಬೇಕಿಲ್ಲ.